ಕೇಳುತ್ತಿತ್ತು, ಮಾತಾಡುತ್ತಿರಲಿಲ್ಲ

ಹೋದ ವರ್ಷ ಅಪ್ಪ ಗದಗ-ಬೆಟಗೇರಿಯ ಮನೆಗೆ ಬೀಗ ಹಾಕಿ ಪುಣೆಗೆ ನಮ್ಮ ಜೊತೆ ಇರಲು ಬಂದಾಗ ತಂದ ಸಾಮಾನು ಮೂರೇ. ಒಂದು ಟ್ರಂಕು, ಒಂದು ಬುಟ್ಟಿ ತುಂಬ ಕ್ಯಾಸೆಟ್ಟು, ಮತ್ತು 2003ರಲ್ಲಿ ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದ ಪೆಂಟಿಯಂ 4 ಕಂಪ್ಯೂಟರಿನ ಡಬ್ಬಿ. 'ಇದನ್ನ ಬಸ್ಸಿನ್ಯಾಗ ಹೆಂಗ ತಂದ್ರಿ ಮಾವಾರ?' ಎಂದು ನನ್ನ ಹೆಂಡತಿ ಕೇಳಿದಳು. 'ತೊಡಿ ಮ್ಯಾಲೆ ಇಟ್ಕೊಂಡು' ಎಂದರು ಅಪ್ಪ, ಅದರಲ್ಲೇನು ವಿಶೇಷ ಎಂಬಂತೆ.

ಬುಟ್ಟಿಯಲ್ಲಿದ್ದದ್ದು ಹಾಡಿನ ಕ್ಯಾಸೆಟ್ಟಲ್ಲ, ಪತ್ರಗಳು. ದೊಡ್ಡಪ್ಪ ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಕಲಿತು, ಮುಂಬಯಿಗೆ ಹೋಗಿ, ಅಲ್ಲಿಂದ 1983ರಲ್ಲಿ ಬಹರೇನ್‌ಗೆ ಹೋದವರು. ಅಜ್ಜಿಗೆ ಓದು ಬರಹ ಇರಲಿಲ್ಲ. ಮೊದಲ ರಜೆಗೆ ಬಂದಾಗ ದೊಡ್ಡಪ್ಪ ಒಂದು ಟೂ-ಇನ್-ವನ್ ತಂದು ಮನೆಯಲ್ಲಿಟ್ಟು ಹೋದರು. ಆಮೇಲೆ ಊರ ಕಡೆ ಬರುವವರ ಕೈಯಲ್ಲಿ ಕ್ಯಾಸೆಟ್ಟು ಬರುತ್ತಿತ್ತು. ಒಂದು ಬದಿಗೆ ದೊಡ್ಡಪ್ಪನ ಮಾತು. ಇನ್ನೊಂದು ಬದಿಗೆ ಅಜ್ಜಿ ಉತ್ತರ ಹೇಳುತ್ತಿದ್ದಳು, ಅಪ್ಪ ಕೆಂಪು ಗುಂಡಿ ಒತ್ತುತ್ತಿದ್ದರು, ಅದೇ ಕ್ಯಾಸೆಟ್ಟು ಹೋಗುವವರ ಕೈಯಲ್ಲಿ ಮರಳಿ ಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಹೀಗೆ ಓಡಾಡಿದ ಇಪ್ಪತ್ತಾರು ಕ್ಯಾಸೆಟ್ಟುಗಳು ದೊಡ್ಡಪ್ಪ ವಾಪಸಾದಾಗ ಅಪ್ಪನ ಹತ್ತಿರ ಬಂದು ಉಳಿದವು.

ದೊಡ್ಡಪ್ಪ ಈಗ ಡೊಂಬಿವಲಿಯಲ್ಲಿದ್ದಾರೆ. ವಯಸ್ಸು 81. ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದಕ್ಕೆ ಯಂತ್ರ ಹಾಕಿಕೊಂಡಿದ್ದಾರೆ, ಅದೂ ವರ್ಷ ವರ್ಷ ಇಳಿಯುತ್ತಿದೆ. ಫೋನಿನಲ್ಲಿ ಒಮ್ಮೆ ಅಪ್ಪನಿಗೆ, 'ಕಿವಿ ಪೂರ್ತಿ ಹೋಗೂದ್ರಾಗ ಅವ್ವನ ದನಿ ಒಮ್ಮಿ ಕೇಳಸೋ' ಎಂದರಂತೆ. ಅಪ್ಪ ಅದನ್ನು ಅಪ್ಪಣೆಯೆಂದೇ ತಗೊಂಡರು.

ಕೆಲಸ ಸುಲಭದ್ದೇ. ಟೂ-ಇನ್-ವನ್‌ನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು, ಕ್ಯಾಸೆಟ್ಟು ಹಚ್ಚುವುದು, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವುದು. ನನ್ನ ಆಫೀಸಿನ ಲ್ಯಾಪ್‌ಟಾಪಿನಲ್ಲೇ ಮೊದಲು ಮಾಡಿ ನೋಡಿದೆ. ಈಗಿನ ಲ್ಯಾಪ್‌ಟಾಪಿಗೆ ಒಂದೇ ತೂತು. ಹೆಡ್‌ಫೋನೂ ಅದೇ, ಮೈಕೂ ಅದೇ. ಅದು ಒಳಗೆ ಬರುವುದೆಲ್ಲ ಮೈಕಿನ ಬಡಕಲು ಸಿಗ್ನಲ್ಲು ಎಂದು ತಿಳಿದು ಬಹಳ ಪಟ್ಟು ಹಿಗ್ಗಿಸುತ್ತದೆ. ಟೇಪಿನ ಸಿಗ್ನಲ್ಲು ಅದಕ್ಕಿಂತ ಎಷ್ಟೋ ದಪ್ಪ. ಅಜ್ಜಿಯ ದನಿ ತಗಡಿನ ಮೇಲೆ ಜಲ್ಲಿಕಲ್ಲು ಸುರಿದಂತೆ ಕೇಳಿತು. ಹಳೆಯ ಡಬ್ಬಿಯ ಹಿಂದುಗಡೆ ಇದಕ್ಕೆಂದೇ ಒಂದು ನೀಲಿ ತೂತಿದೆ, ಲೈನ್-ಇನ್. ಆದರೆ ಆ ಡಬ್ಬಿ ಮೂರು ವರ್ಷದಿಂದ ಮೂಕ.

ಹಸಿರು ತೂತಿಗೆ ಸ್ಪೀಕರು ಚುಚ್ಚಿದರೆ ಗಪ್ ಚುಪ್. ಸ್ಪೀಕರನ್ನು ಮೊಬೈಲಿಗೆ ಹಚ್ಚಿ ನೋಡಿದೆ, ಸರಿ ಇತ್ತು. ಮ್ಯೂಟ್ ಆಗಿರಲಿಲ್ಲ. ಡ್ರೈವರು ತೆಗೆದು ಮತ್ತೆ ಹಾಕಿದೆ. ಬಯಾಸ್‌ನಲ್ಲಿ ಆಡಿಯೋ ಬಂದ್ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡೆ. ನಮ್ಮ ಬಡಾವಣೆಯ ರಿಪೇರಿ ಅಂಗಡಿಗೆ ಒಯ್ದರೆ ಆತ ಡಬ್ಬಿಯನ್ನು ತೆರೆಯಲೂ ಇಲ್ಲ. ಸೌಂಡ್ ಚಿಪ್ಪು ಸುಟ್ಟಿದೆ, ಈ ಬೋರ್ಡು ಈಗ ಸಿಗುವುದಿಲ್ಲ, ಹೊಸದು ತಗೊಳ್ಳಿ ಸಾಹೇಬರೇ ಎಂದ. ನಾನೂ ಒಪ್ಪಿದೆ. ಆಫೀಸಿನಲ್ಲಿ ದಿನಾ 'ರೂಟ್ ಕಾಸ್ ಏನು, ರೂಟ್ ಕಾಸ್ ಏನು' ಎಂದು ಹುಡುಗರ ತಲೆ ತಿನ್ನುವ ನಾನೇ ಒಪ್ಪಿಬಿಟ್ಟೆ. ಮನೆಗೆ ಬಂದು 280 ರೂಪಾಯಿಗೆ ಒಂದು ಯುಎಸ್‌ಬಿ ಸೌಂಡ್ ಅಡಾಪ್ಟರ್ ಆರ್ಡರ್ ಮಾಡಿದೆ. ಅದು ಬರುವುದಕ್ಕೆ ಮೂರು ದಿನ ಇತ್ತು. ಆ ಮೂರು ದಿನ ನನ್ನ ತಲೆಯಲ್ಲಿ ಸುತ್ತಿದ್ದೇ ಈ ಬರಹದ ವಿಷಯ. ನಮ್ಮ ಮನೆಯ ಕಂಪ್ಯೂಟರುಗಳಿಗೆ ಸದ್ದು ಬಂದದ್ದಾದರೂ ಹೇಗೆ?

ನಿಜ ಹೇಳಬೇಕೆಂದರೆ ಪಿಸಿ ಹುಟ್ಟುಮೂಕ. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಒಳಗೊಂದು ಪುಟ್ಟ ಸ್ಪೀಕರು ಇತ್ತು, ಅಷ್ಟೇ. ಅದು ಆಫೀಸಿನ ಯಂತ್ರ. ಲೆಕ್ಕ ಮಾಡಬೇಕು, ಪತ್ರ ಟೈಪಿಸಬೇಕು, ತಪ್ಪಾದರೆ ಬೀಪ್ ಎನ್ನಬೇಕು. ಇಂಟೆಲ್ 8253 ಎಂಬ ಟೈಮರ್ ಚಿಪ್ಪಿನಲ್ಲಿ ಮೂರು ಎಣಿಕೆಗಾರರಿದ್ದರು ಎಂದುಕೊಳ್ಳಿ. ಒಬ್ಬನಿಗೆ ಗಡಿಯಾರ ನಡೆಸುವ ಕೆಲಸ, ಇನ್ನೊಬ್ಬನಿಗೆ ಮೆಮೊರಿ ಮರೆಯದಂತೆ ಆಗಾಗ ತಿವಿಯುವ ಕೆಲಸ, ಮೂರನೆಯವನಿಗೆ ಸ್ಪೀಕರು. ಈ ಮೂರನೆಯವನಿಗೆ ಗೊತ್ತಿದ್ದದ್ದು ಎರಡೇ ಸ್ಥಿತಿ, ಕರೆಂಟು ಇದೆ ಅಥವಾ ಇಲ್ಲ. ಸ್ಪೀಕರಿನ ಪರದೆ ಮುಂದಕ್ಕೆ ಹೋಗುತ್ತದೆ ಅಥವಾ ಹಿಂದಕ್ಕೆ ಬರುತ್ತದೆ, ನಡುವೆ ನಿಲ್ಲುವುದಿಲ್ಲ. ಎಷ್ಟು ಬೇಗ ಹಿಂದೆ ಮುಂದೆ ಆಡಿಸಿದರೆ ಅಷ್ಟು ಚೂಪಾದ ಸ್ವರ. ಅದರಿಂದ ಪೀಪಿ ಊದಿಸಬಹುದು, ಮನುಷ್ಯರ ಮಾತು ಆಡಿಸುವುದು ಕಷ್ಟ.

ಅದೇ ಕಾಲದ ಬೇರೆ ಮನೆ ಕಂಪ್ಯೂಟರುಗಳು ಇಷ್ಟು ಬಡವಾಗಿರಲಿಲ್ಲ. 1982ರ ಕಮೊಡೋರ್ 64ರಲ್ಲಿ ಬಾಬ್ ಯಾನಿಸ್ ವಿನ್ಯಾಸ ಮಾಡಿದ ಸಿಡ್ ಎಂಬ ಚಿಪ್ಪಿತ್ತು, ಅದು ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುತ್ತಿತ್ತು. ಆದರೆ ಕೊನೆಗೆ ಮನೆಮನೆಗೆ ಬಂದದ್ದು ಐಬಿಎಂ ಮಾದರಿಯ ಪಿಸಿ. ಹಾಗಾಗಿ ಪಿಸಿಗೆ ಬಾಯಿ ಕೊಡುವ ಕೆಲಸ ಹೊರಗಿನವರ ಪಾಲಿಗೆ ಬಂತು, ಅದೂ ಆದಷ್ಟು ಅಗ್ಗವಾಗಿ.

1980ರ ದಶಕದ ಕೊನೆಗೆ ಅಮೆರಿಕದ ಆಕ್ಸೆಸ್ ಸಾಫ್ಟ್‌ವೇರ್ ಎಂಬ ಆಟಗಳ ಕಂಪನಿ ಒಂದು ಪೈಸೆಯ ಸಾಮಾನೂ ಸೇರಿಸದೆ ಒಂದು ದಾರಿ ಹುಡುಕಿತು. ಸ್ಪೀಕರಿಗೆ ನಡುವೆ ನಿಲ್ಲಲು ಬರುವುದಿಲ್ಲ ನಿಜ. ಆದರೆ ಕಿವಿಗೆ ಕೇಳಿಸದಷ್ಟು ವೇಗವಾಗಿ ಆನ್-ಆಫ್ ಮಾಡುತ್ತ, ಆನ್ ಇರುವ ಹೊತ್ತನ್ನು ಹೆಚ್ಚು ಕಡಿಮೆ ಮಾಡಿದರೆ ಪರದೆ ಸರಾಸರಿಯಲ್ಲಿ ನಡುವೆ ನಿಂತಂತೆಯೇ ಆಗುತ್ತದೆ. ಇದಕ್ಕೆ ಅವರು ರಿಯಲ್‌ಸೌಂಡ್ ಎಂದು ಹೆಸರಿಟ್ಟರು. ಬೀಪ್ ಎನ್ನುವ ಸ್ಪೀಕರಿನಿಂದಲೇ ಮಾತು ಹೊರಟಿತು. ಬೆಲೆ ತೆತ್ತದ್ದು ಪ್ರೊಸೆಸರು. ಸ್ಪೀಕರಿಗೆ ಚಾಟಿ ಬೀಸುತ್ತ ಕೂತರೆ ಅದಕ್ಕೆ ಬೇರೆ ಕೆಲಸಕ್ಕೆ ಪುರಸೊತ್ತಿರಲಿಲ್ಲ. ವಿಂಡೋಸ್ 3.1ಕ್ಕೂ ಇಂಥದ್ದೇ ಸ್ಪೀಕರ್ ಡ್ರೈವರು ಇತ್ತು. ಸದ್ದು ಮುಗಿಯುವ ತನಕ ಮೌಸು ಮರಗಟ್ಟಿ ನಿಲ್ಲುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

ಇನ್ನೊಂದು ದಾರಿ ನನಗೆ ಇನ್ನೂ ಪ್ರೀತಿಯದು. 1987ರ ಸುಮಾರಿಗೆ ಕೋವಾಕ್ಸ್ ಎಂಬ ಕಂಪನಿ ಸ್ಪೀಚ್ ಥಿಂಗ್ ಎಂಬ ವಸ್ತುವನ್ನು ಮಾರಿತು. ಕಂಪ್ಯೂಟರನ್ನು ಬಿಚ್ಚಬೇಕಿಲ್ಲ, ಪ್ರಿಂಟರ್ ಚುಚ್ಚುವ ಜಾಗದಲ್ಲಿ ಇದನ್ನು ಚುಚ್ಚಿದರೆ ಆಯಿತು. ಪ್ರಿಂಟರ್ ಪೋರ್ಟಿನಲ್ಲಿ ಎಂಟು ತಂತಿಗಳು ಒಟ್ಟಿಗೆ ಅಂಕಿ ಕಳಿಸುತ್ತವೆ. ಒಂದೊಂದು ತಂತಿಗೂ ಒಂದೊಂದು ತೂಕ, 1, 2, 4, 8 ಹೀಗೆ 128ರ ತನಕ. ಕಿರಾಣಿ ಅಂಗಡಿಯ ತಕ್ಕಡಿಗೆ ಬೇರೆ ಬೇರೆ ತೂಕದ ಕಲ್ಲು ಹಾಕಿದ ಹಾಗೆ, ಈ ಎಂಟನ್ನು ಕೂಡಿಸಿ 256 ಮೆಟ್ಟಿಲು ಮಾಡಬಹುದು. ತೂಕ ಹಂಚುವ ಕೆಲಸಕ್ಕೆ ರೆಸಿಸ್ಟರ್‌ಗಳ ಒಂದು ಏಣಿ ಸಾಕು. ಚಿಪ್ಪಿಲ್ಲ, ಬ್ಯಾಟರಿಯಿಲ್ಲ, ಮಂತ್ರವಿಲ್ಲ.

1998ರಲ್ಲಿ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ನಾವು ಎಂಟು ಜನ ಸೇರಿ ಕೊಂಡ ಒಂದು ಹಳೆಯ 486 ಇತ್ತು. ಸೌಂಡ್ ಕಾರ್ಡಿಗೆ ದುಡ್ಡಿರಲಿಲ್ಲ. ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಒಬ್ಬ ಸೀನಿಯರ್ ಹದಿನಾರು ರೆಸಿಸ್ಟರು, ಪ್ರಿಂಟರಿನ ಒಂದು ಹಳೆ ಕನೆಕ್ಟರು ತಂದು ರಾತ್ರಿಯೆಲ್ಲ ಕೂತು ಬೆಸುಗೆ ಹಾಕಿದ. ಎಲ್ಲ ಸೇರಿ ನಲವತ್ತು ರೂಪಾಯಿ ಆಗಿರಲಿಲ್ಲ. ಯಾರೋ ಫ್ಲಾಪಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನದ ತುಣುಕು ತಂದಿದ್ದರು. ಆಗಿನ ಗುಣಮಟ್ಟದಲ್ಲಿ ಒಂದು ಫ್ಲಾಪಿಗೆ ಹಿಡಿಯುತ್ತಿದ್ದದ್ದು ಎರಡು ನಿಮಿಷದ ಸದ್ದು. ಕೊರಕೊರ ಎನ್ನುವ ಆ ಎರಡು ನಿಮಿಷವನ್ನು ಬೆಳಗಿನ ಜಾವದ ತನಕ ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಅದು ಕೋವಾಕ್ಸ್‌ನ ನಕಲು ಎಂಬುದು ನನಗೆ ಗೊತ್ತಾದದ್ದು ಎಂಟೆಕ್ ಮುಗಿದ ಮೇಲೆ. ಅಲ್ಲಿಯತನಕ ಅದು ಆ ಸೀನಿಯರನದೇ ಸಂಶೋಧನೆ ಎಂದು ನಂಬಿದ್ದೆ. ಆತನೂ ಅಲ್ಲವೆಂದು ಹೇಳಿರಲಿಲ್ಲ.

ಅದೇ 1987ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸಂಗೀತದ ಪ್ರೊಫೆಸರಾಗಿದ್ದ ಮಾರ್ಟಿನ್ ಪ್ರೆವೆಲ್ ಎಂಬುವರ ಆ್ಯಡ್‌ಲಿಬ್ ಕಂಪನಿ ಪಿಸಿಯೊಳಗೆ ಕೂಡುವ ಒಂದು ಸಂಗೀತದ ಕಾರ್ಡು ತಂದಿತು. ಅದರ ಜೀವ ಯಮಾಹಾದ ವೈಎಂ3812 ಚಿಪ್ಪು. ಆ ಚಿಪ್ಪಿನ ಬೇರು ಇನ್ನೂ ಹಿಂದಿನದು. 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಒಂದು ಸ್ವರವನ್ನು ಇನ್ನೊಂದು ಸ್ವರದಿಂದ ಜೋರಾಗಿ ನಡುಗಿಸಿದರೆ ಗಂಟೆಯ, ಕಹಳೆಯ ನಾದ ಹುಟ್ಟುತ್ತದೆಂದು ಕಂಡುಕೊಂಡರು. ಯಮಾಹಾ ಅದನ್ನು ಲೈಸೆನ್ಸ್ ಪಡೆದು ಕೀಬೋರ್ಡು ಮಾಡಿತು, ಆಮೇಲೆ ಅದೇ ವಿದ್ಯೆ ಸಣ್ಣದಾಗಿ ಅಗ್ಗದ ಚಿಪ್ಪಿನೊಳಗೆ ಇಳಿಯಿತು. ಒಂಬತ್ತು ಸ್ವರ ಒಟ್ಟಿಗೆ ನುಡಿಸುವ ಆ್ಯಡ್‌ಲಿಬ್ ಆಟಗಳ ಲೋಕವನ್ನೇ ಗೆದ್ದಿತು. ಆದರೆ ಅದು ವಾದ್ಯ. ಅದಕ್ಕೆ ಮಾತು ಹಿಡಿದಿಡಲೂ ಬಾರದು, ಹಿಡಿದದ್ದನ್ನು ಆಡಲೂ ಬಾರದು. ನಮ್ಮ ಅಜ್ಜಿಯ ದನಿಗೆ ಅದರಲ್ಲಿ ಜಾಗವಿರಲಿಲ್ಲ.

ಜಾಗ ಮಾಡಿಕೊಟ್ಟವನು ಒಬ್ಬ ರಿಪೇರಿ ಅಂಗಡಿಯವನು. ಸಿಂಗಪುರದ ಸಿಮ್ ವಾಂಗ್ ಹೂ 1981ರಲ್ಲಿ ಗೆಳೆಯನೊಬ್ಬನ ಜೊತೆ ಪರ್ಲ್ಸ್ ಸೆಂಟರ್ ಎಂಬ ಕಟ್ಟಡದಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ತೆರೆದ. ನಮ್ಮ ಲ್ಯಾಮಿಂಗ್ಟನ್ ರೋಡ್, ರಿಚ್ಚಿ ಸ್ಟ್ರೀಟ್, ನೆಹರೂ ಪ್ಲೇಸುಗಳಲ್ಲಿ ಇರುವಂಥ ಅಂಗಡಿ ಎಂದು ಕಲ್ಪಿಸಿಕೊಳ್ಳಿ. 1986ರಲ್ಲಿ ಚೀನೀ ಭಾಷೆಗೆಂದು ಕ್ಯೂಬಿಕ್ ಸಿಟಿ ಎಂಬ ಕಂಪ್ಯೂಟರು ಮಾಡಿದ, ಅದಕ್ಕೆ ಮಾತಿನ ಸೌಕರ್ಯವನ್ನೂ ಕೂಡಿಸಿದ. ಅದು ಅಷ್ಟಾಗಿ ಮಾರಾಟವಾಗಲಿಲ್ಲ. ಯಂತ್ರ ಸೋತರೂ ಅದರ ಸದ್ದಿನ ಭಾಗ ಬದುಕಬಹುದು ಎನಿಸಿ ಬರಿಯ ಸಂಗೀತದ ಕಾರ್ಡು ಮಾಡಿದ. ಅದಕ್ಕೂ ಆ್ಯಡ್‌ಲಿಬ್ ಎದುರು ನಡೆಯಲಿಲ್ಲ. 1989ರಲ್ಲಿ ಸೌಂಡ್ ಬ್ಲಾಸ್ಟರ್ ತಂದ. ಅದರಲ್ಲಿ ಆ್ಯಡ್‌ಲಿಬ್‌ನದೇ ಯಮಾಹಾ ಚಿಪ್ಪು ಕೂತಿತ್ತು, ಹಾಗಾಗಿ ಹಳೆಯ ಆಟಗಳೆಲ್ಲ ನಡೆಯುತ್ತಿದ್ದವು. ಜಾಯ್‌ಸ್ಟಿಕ್ ಚುಚ್ಚುವ ಜಾಗ ಬಿಟ್ಟಿ. ಮೇಲಾಗಿ ಮಾತು ಆಡುವ ಸೌಕರ್ಯವಿತ್ತು, ಮೈಕು ಚುಚ್ಚಿದರೆ ಮಾತು ಹಿಡಿದಿಡುವ ಸೌಕರ್ಯವೂ ಇತ್ತು. ಅಗ್ಗದ ಪಿಸಿಗೂ ಬಾಯಿಯ ಜೊತೆ ಕಿವಿ ಬಂದದ್ದು ಇಂಥ ಕಾರ್ಡಿನಿಂದ. ಆ್ಯಡ್‌ಲಿಬ್ 1992ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಸಿಮ್‌ನ ಕ್ರಿಯೇಟಿವ್ ಕಂಪನಿ ಅಮೆರಿಕದ ನ್ಯಾಸ್‌ಡ್ಯಾಕ್ ಶೇರುಪೇಟೆ ಏರಿತು. ಅಲ್ಲಿಯತನಕ ಸಿಂಗಪುರದ ಯಾವ ಕಂಪನಿಯೂ ಅಲ್ಲಿಗೆ ಹೋಗಿರಲಿಲ್ಲ.

ನನ್ನ ವಯಸ್ಸಿನವರಿಗೆ ಆ ಕಾಲದ ಕಾಟವೂ ನೆನಪಿರಬೇಕು. ಕಾರ್ಡು ತಂದು ಕೂಡಿಸಿದರೆ ಮುಗಿಯುತ್ತಿರಲಿಲ್ಲ. 'ವಿಳಾಸ 220, ಇಂಟರಪ್ಟ್ 5, ಡಿಎಂಎ 1' ಎಂಬ ಮಂತ್ರವನ್ನು ಆಟೋಎಕ್ಸೆಕ್ ಫೈಲಿನಲ್ಲಿ ಬರೆಯಬೇಕಿತ್ತು. ಇಂಟರಪ್ಟ್ ಎಂದರೆ ಪ್ರೊಸೆಸರಿನ ಬಾಗಿಲು ಬಡಿಯುವ ಸರದಿ ನಂಬರು. ಮೊದಮೊದಲ ಸೌಂಡ್ ಬ್ಲಾಸ್ಟರು 7ನೇ ನಂಬರಿನ ಬಾಗಿಲು ಬಡಿಯುತ್ತಿತ್ತು. ಪ್ರಿಂಟರ್ ಪೋರ್ಟಿನ ನಂಬರೂ ಅದೇ. ಇಬ್ಬರೂ ಒಟ್ಟಿಗೆ ಬಡಿದರೆ ಒಬ್ಬರ ಕೆಲಸ ಕೆಡುತ್ತಿತ್ತು. ಜನ ಸೌಂಡ್ ಕಾರ್ಡು ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಒಯ್ಯುತ್ತಿದ್ದರು. ಕಾರ್ಡಿನ ಮೇಲಿನ ಒಂದು ಪುಟ್ಟ ಜಂಪರನ್ನು ಕಿತ್ತು ಪಕ್ಕದ ಪಿನ್ನಿಗೆ ಹಾಕಿದರೆ ಸರಿಹೋಗುತ್ತಿತ್ತು.

ಈ ಜಂಪರಿನ ಮಾತನ್ನು ನಾನೇ ಹೆಂಡತಿಗೆ ರಸವತ್ತಾಗಿ ಹೇಳಿದೆ, ಊಟದ ಹೊತ್ತಿನಲ್ಲಿ. ಹೇಳಿಯೂ ನನಗೆ ಹೊಳೆಯಲಿಲ್ಲ.

ಹೊಳೆಸಿದವರು ಅಪ್ಪ. ಎರಡನೆಯ ದಿನ ಆಫೀಸಿನಿಂದ ಬಂದಾಗ ಅವರು ಆ ಡಬ್ಬಿಯ ಎದುರು ಕೂತಿದ್ದರು. ಟೂ-ಇನ್-ವನ್ ಓಡುತ್ತಿತ್ತು, ವೈರು ನೀಲಿ ತೂತಿನಲ್ಲಿತ್ತು, ಪರದೆಯ ಮೇಲೆ ಆಡಾಸಿಟಿಯ ಹಳೆಯ ಆವೃತ್ತಿ ತೆರೆದಿತ್ತು. 2005ರಲ್ಲಿ ಒಮ್ಮೆ ನಾನೇ ಅವರಿಗೆ ಕಲಿಸಿದ್ದೆ.

'ಅಪ್ಪಾ, ಸದ್ದಾ ಬರೂದಿಲ್ಲ, ಸುಮ್ನ ಯಾಕ ಟೇಪ್ ಸವಸತೀರಿ' ಎಂದೆ.

'ಸದ್ದು ಬರವಲ್ದು ಖರೆ. ಆದ್ರ ಗೆರಿ ಎಳಿಯಾಕತ್ತೈತಲ್ಲೋ ತಮ್ಮಾ' ಎಂದರು.

ನೋಡಿದೆ. ಪರದೆಯ ಮೇಲೆ ಅಜ್ಜಿಯ ಮಾತು ಗುಡ್ಡ, ಕಣಿವೆಗಳಾಗಿ ಹರಿಯುತ್ತಿತ್ತು. ಉಸಿರು ತಗೊಂಡಲ್ಲಿ ಗೆರೆ ಸಪಾಟು, ಮತ್ತೆ ಗುಡ್ಡ. ಚಿಪ್ಪು ಸುಟ್ಟಿದ್ದರೆ ಈ ಗೆರೆ ಎಲ್ಲಿಂದ ಬರಬೇಕು? ಒಳಗೆ ಬರುವ ಸದ್ದನ್ನು ಅಂಕಿಯಾಗಿ ಮಾಡುವುದೂ ಅಂಕಿಯನ್ನು ಸದ್ದಾಗಿ ಮಾಡುವುದೂ ಒಂದೇ ಚಿಪ್ಪಿನ ಕೆಲಸ. ಒಂದು ಅರ್ಧ ಸತ್ತು ಇನ್ನೊಂದು ಅರ್ಧ ಬದುಕುವುದು ಅಪರೂಪ. ಯಂತ್ರ ಕೇಳುತ್ತಿತ್ತು, ಮಾತಾಡುತ್ತಿರಲಿಲ್ಲ ಅಷ್ಟೇ. ಎಲ್ಲೋ ಹೊರಗೆ ಹೋಗುವ ದಾರಿ ಕಡಿದಿತ್ತು.

'ಅಪ್ಪಾ, ಇದು ಮೂಕ ಆಗಿದ್ದು ಯಾವಾಗ?'

'ಎಸ್‌ಎಂಪಿಎಸ್ ಸುಟ್ಟಿತ್ತಲ್ಲ, ಆವಾಗ ಗದಗಿನ್ಯಾಗ ಡಬ್ಬಿ ಬದಲಿ ಮಾಡಿಸಿದ್ನಿ. ಅವತ್ತಿನಿಂದ.'

ಇಲ್ಲಿ ಇತಿಹಾಸದ ಇನ್ನೊಂದು ತುಂಡು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. 1997ರಲ್ಲಿ ಇಂಟೆಲ್ ಎಸಿ97 ಎಂಬ ನಿಯಮ ತಂದಿತು. ಅದರ ಪ್ರಕಾರ ಸೌಂಡ್ ಕಾರ್ಡಿನ ಕೆಲಸವನ್ನು ಎರಡು ಪಾಲು ಮಾಡಬಹುದಿತ್ತು. ಅಂಕಿಗಳನ್ನು ಸಾಗಿಸುವ ಪಾಲನ್ನು ಮದರ್‌ಬೋರ್ಡಿನ ದೊಡ್ಡ ಚಿಪ್ಪಿನೊಳಗೇ ಸೇರಿಸುವುದು, ಅಂಕಿಯನ್ನು ಸದ್ದು ಮಾಡುವ ಸೂಕ್ಷ್ಮ ಕೆಲಸಕ್ಕೆ ಉಗುರಿನಷ್ಟು ಕೋಡೆಕ್ ಚಿಪ್ಪು ಬೇರೆಯಾಗಿ ಇಡುವುದು, ಎರಡರ ನಡುವೆ ಐದೇ ತಂತಿ. ಸದ್ದನ್ನು ಬೆರೆಸುವ ಲೆಕ್ಕವನ್ನೆಲ್ಲ ಅಷ್ಟರಲ್ಲಿ ಬಲಿತಿದ್ದ ಪ್ರೊಸೆಸರೇ ಮಾಡಿಕೊಳ್ಳಬೇಕು. ಹೀಗಾಗಿ ಸದ್ದು ಬೋರ್ಡಿನ ಜೊತೆಗೇ, ಹೆಚ್ಚುಕಡಿಮೆ ಪುಕ್ಕಟೆ ಬರತೊಡಗಿತು. ಹಿಂದಿನ ತೂತುಗಳಿಗೆ ಬಣ್ಣ ಗೊತ್ತುಮಾಡಿದ್ದೂ ಅದೇ ದಿನಗಳಲ್ಲಿ, ಸ್ಪೀಕರಿಗೆ ಹಸಿರು, ಮೈಕಿಗೆ ಗುಲಾಬಿ, ಲೈನ್-ಇನ್‌ಗೆ ನೀಲಿ. 2003ರಲ್ಲಿ ನಾನು ಎಸ್.ಪಿ. ರೋಡಿನಲ್ಲಿ ಸೌಂಡ್ ಕಾರ್ಡು ಕೇಳಿದಾಗ ಅಂಗಡಿಯ ಹುಡುಗ ನಕ್ಕಿದ್ದ, 'ಬೋರ್ಡಲ್ಲೇ ಇದೆ ಸರ್, ಯಾಕೆ ದುಡ್ಡು ದಂಡ?' ಆತ ಹೇಳಿದ್ದು ನನಗೆ ಲಾಭವೇ. ಕ್ರಿಯೇಟಿವ್‌ನ ಪೇಟೆ ಮಾತ್ರ ಹೀಗೇ ಮನೆಮನೆಯಲ್ಲಿ ಕರಗಿತು. ಅಳಿದುಳಿದ ಬಲವನ್ನು 2007ರಲ್ಲಿ ಬಂದ ವಿಂಡೋಸ್ ವಿಸ್ತಾ ಕಿತ್ತುಕೊಂಡಿತು. ಸೌಂಡ್ ಕಾರ್ಡಿನೊಳಗಿನ ವಿಶೇಷ ಚಿಪ್ಪಿಗೆ ಆಟಗಳು ನೇರ ಕೆಲಸ ಕೊಡುತ್ತಿದ್ದ ದಾರಿಯನ್ನೇ ಅದು ಮುಚ್ಚಿತು. ಸಿಮ್ ವಾಂಗ್ ಹೂ 2023ರ ಜನವರಿಯಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ನಾನು ಟೀಮಿನ ಹುಡುಗರಿಗೆ ಹೇಳಿದೆ. ಒಬ್ಬನಿಗೂ ಹೆಸರು ಗೊತ್ತಿರಲಿಲ್ಲ. ಸದ್ದಿಗೆ ದುಡ್ಡು ಕೊಟ್ಟ ತಲೆಮಾರು ಅಲ್ಲವಲ್ಲ.

ಈಗ ನಮ್ಮ ಡಬ್ಬಿಯ ವಿಷಯ. ಎಸಿ97 ಕಾಲದಲ್ಲೇ ಹೆಡ್‌ಫೋನ್ ಚುಚ್ಚುವ ತೂತು ಡಬ್ಬಿಯ ಮುಂಭಾಗಕ್ಕೂ ಬಂತು. ಅದಕ್ಕಾಗಿ ಬೋರ್ಡಿನ ಮೇಲೆ ಎರಡು ಸಾಲಿನ, ಹತ್ತು ಪಿನ್ನಿನ ಒಂದು ಜಾಗ ಮಾಡಿದರು. ಎಂಟನೆಯ ಪಿನ್ನು ಇರುವುದಿಲ್ಲ, ಉಲ್ಟಾ ಚುಚ್ಚದಿರಲೆಂದು. ಮುಂದೆ ಹೆಡ್‌ಫೋನ್ ಚುಚ್ಚಿದರೆ ಹಿಂದಿನ ಸ್ಪೀಕರು ನಿಲ್ಲಬೇಕಲ್ಲ? ಅದಕ್ಕೆ ಅವರು ಬಳಸಿದ್ದು ಬಹಳ ಹಳೆಯ ಉಪಾಯ. ಟ್ರಾನ್ಸಿಸ್ಟರಿಗೆ ಇಯರ್‌ಫೋನ್ ಚುಚ್ಚಿದೊಡನೆ ಸ್ಪೀಕರು ಬಂದಾಗುವುದನ್ನು ನೀವು ನೋಡಿರುತ್ತೀರಿ. ತೂತಿನೊಳಗೆ ಎರಡು ತಗಡಿನ ನಾಲಿಗೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಪಿನ್ನು ಒಳಗೆ ಹೋದರೆ ಬೇರೆಯಾಗುತ್ತವೆ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಗಳಿಂದ ಬಂದ ವಿದ್ಯೆ ಅದು. ಹಾಗಾಗಿ ಎಸಿ97 ಬೋರ್ಡಿನಲ್ಲಿ ಸದ್ದು ಸೀದಾ ಹಿಂದಿನ ಹಸಿರು ತೂತಿಗೆ ಹೋಗುವುದಿಲ್ಲ. 5ನೇ ಮತ್ತು 9ನೇ ಪಿನ್ನಿನಿಂದ ಹೊರಟು, ವೈರಿನಲ್ಲಿ ಮುಂಭಾಗಕ್ಕೆ ಹೋಗಿ, ಆ ನಾಲಿಗೆಗಳನ್ನು ದಾಟಿ, 6 ಮತ್ತು 10ನೇ ಪಿನ್ನಿಗೆ ವಾಪಸು ಬಂದು, ಆಮೇಲೆ ಹಿಂದಿನ ತೂತಿಗೆ ಹೋಗುತ್ತದೆ. ಮುಂದೆ ತೂತೇ ಇಲ್ಲದ ಡಬ್ಬಿಯಾದರೆ 5-6ಕ್ಕೆ ಒಂದು, 9-10ಕ್ಕೆ ಒಂದು ಜಂಪರ್ ಟೋಪಿ ಹಾಕಿ ದಾರಿಯನ್ನು ಅಲ್ಲೇ ಕೂಡಿಸಬೇಕು.

ಹಳೆಯ ಡಬ್ಬಿಗೆ ಮುಂದೆ ತೂತಿತ್ತು, ನಾನೇ ವೈರು ಚುಚ್ಚಿದ್ದೆ, ಟೋಪಿಗಳನ್ನು ಅಂದೇ ಕಿತ್ತು ಎಸೆದಿದ್ದೆ. ಗದಗಿನಲ್ಲಿ ಹೊಸ ಡಬ್ಬಿಗೆ ಬೋರ್ಡು ಬದಲಿಸಿದವರು ಆ ವೈರನ್ನು ಕೂಡಿಸಿರಲಿಲ್ಲ. ಮೂರು ವರ್ಷ ಸದ್ದು 5ನೇ ಪಿನ್ನಿನ ತನಕ ಬಂದು ಸೇತುವೆಯಿಲ್ಲದೆ ನಿಂತಿತ್ತು. 2004ರಲ್ಲಿ ಬಂದ ಎಚ್‌ಡಿ ಆಡಿಯೋದಲ್ಲಿ ಅದೇ ಹತ್ತು ಪಿನ್ನುಗಳಿದ್ದರೂ ಅವುಗಳ ಅರ್ಥ ಬೇರೆ, ಈ ಸೇತುವೆಯ ತಾಪತ್ರಯ ಇಲ್ಲ. ಆಮೇಲಿನ ಬೋರ್ಡುಗಳನ್ನಷ್ಟೇ ಕಂಡ ಹುಡುಗರಿಗೆ ಇದು ಗೊತ್ತಿಲ್ಲದಿದ್ದರೆ ತಪ್ಪಲ್ಲ. ಡಬ್ಬಿ ತೆರೆಯದೆ ತೀರ್ಪು ಕೊಟ್ಟದ್ದು ಮಾತ್ರ ತಪ್ಪು. ಅದನ್ನು ಕೇಳಿ ತಲೆಯಾಡಿಸಿ ಬಂದ ನನ್ನದು ಇನ್ನೂ ದೊಡ್ಡದು.

ಪ್ಲಗ್ಗು ಕಿತ್ತು ಡಬ್ಬಿ ಬಿಚ್ಚಿದೆ. ಪಿನ್ನುಗಳು ಬೋಳಾಗಿ ನಿಂತಿದ್ದವು. ಜಂಪರ್ ಟೋಪಿ ಎಲ್ಲಿ ಸಿಗಬೇಕು? ಮಾಳಿಗೆಯ ಮೇಲಿನ ಡಬ್ಬದಲ್ಲಿ ಸತ್ತ ಹಾರ್ಡ್ ಡಿಸ್ಕೊಂದಿತ್ತು. ಹಳೆಯ ಐಡಿಇ ಡಿಸ್ಕಿನ ಹಿಂಭಾಗದಲ್ಲಿ ಮಾಸ್ಟರ್-ಸ್ಲೇವ್ ಗೊತ್ತುಮಾಡಲು ಇಂಥದ್ದೇ ಒಂದು ಟೋಪಿ ಇರುತ್ತದೆ. ಕಿತ್ತು 5-6ಕ್ಕೆ ಹಾಕಿದೆ. ಸಾಲು ತಪ್ಪಿ 3-4ಕ್ಕೆ ಹಾಕಬಾರದು, 4ರಲ್ಲಿ 5 ವೋಲ್ಟಿನ ಕರೆಂಟು ಇರುತ್ತದೆ, ಆದ್ದರಿಂದ ಮೊಬೈಲಿನ ಬೆಳಕು ಹಿಡಿದು ಎರಡೆರಡು ಸಲ ಎಣಿಸಿದೆ. ಚಾಲೂ ಮಾಡಿದರೆ ಬಲಗಡೆಯ ಸ್ಪೀಕರಿನಿಂದ ವಿಂಡೋಸಿನ ಸ್ವಾಗತದ ಟ್ಯೂನು ಬಂತು. ಅಡುಗೆಮನೆಯಿಂದ ನನ್ನ ಹೆಂಡತಿ, 'ಬಂತು ಬಂತು' ಎಂದು ಕೂಗಿದಳು. ಎಡಗಡೆಯದಕ್ಕೆ ಇನ್ನೊಂದು ಟೋಪಿ ಬೇಕಿತ್ತು. ಕೆಟ್ಟ ಡಿವಿಡಿ ಡ್ರೈವೊಂದರ ಹಿಂದೆ ಅದೂ ಸಿಕ್ಕಿತು. ಖರ್ಚು ಸೊನ್ನೆ.

280 ರೂಪಾಯಿಯ ಅಡಾಪ್ಟರು ಮರುದಿನ ಬಂತು. ಅದನ್ನು ಬೈಯುವುದಿಲ್ಲ. ನಿಮ್ಮ ಹಳೆಯ ಯಂತ್ರ ಮೂಕವಾಗಿದ್ದು ಬಿಚ್ಚುವ ಧೈರ್ಯ ಇಲ್ಲದಿದ್ದರೆ ಅದೇ ಒಳ್ಳೆಯ ಮದ್ದು. ಎಕ್ಸ್‌ಪಿಯಲ್ಲೂ ಬೇರೆ ಡ್ರೈವರಿಲ್ಲದೆ ನಡೆಯಿತು. ಆದರೆ ಅದರಲ್ಲಿರುವುದು ಹಸಿರು ಮತ್ತು ಗುಲಾಬಿ ಮಾತ್ರ, ನೀಲಿ ಇಲ್ಲ. ಕ್ಯಾಸೆಟ್ಟು ಇಳಿಸಿಕೊಳ್ಳುವವರು ಲೈನ್-ಇನ್ ಇದೆಯೇ ಎಂದು ನೋಡಿಯೇ ಕೊಳ್ಳಿ. ನಮ್ಮದು ಈಗ ಮಗಳ ಲ್ಯಾಪ್‌ಟಾಪಿನಲ್ಲಿದೆ, ಅದರ ತೂತು ಸಡಿಲಾಗಿತ್ತು.

ಒಂದು ಗಂಟೆಯ ಕ್ಯಾಸೆಟ್ಟಿಗೆ ಒಳ್ಳೆಯ ಗುಣಮಟ್ಟದಲ್ಲಿ 635 ಎಂಬಿ ಬೇಕು. 40 ಜಿಬಿಯ ಡಿಸ್ಕಿನಲ್ಲಿ ಅಪ್ಪನ ನುಡಿ ಫೈಲುಗಳ ಜೊತೆ ಇಪ್ಪತ್ತಾರೂ ಹಿಡಿಯುವಂತಿರಲಿಲ್ಲ. ಆರಾರು ಮಾಡಿ ಪೆನ್‌ಡ್ರೈವಿಗೆ ಸಾಗಿಸುತ್ತ ಒಂದು ತಿಂಗಳು ನಡೆಯಿತು. ಎರಡು ಕ್ಯಾಸೆಟ್ಟುಗಳ ಟೇಪು ಒಳಗೇ ಅಂಟಿಕೊಂಡು ಹರಿಯಿತು. ಒಂದರ ಮೇಲೆ ನಾನೇ ಹುಡುಗನಾಗಿದ್ದಾಗ ರೇಡಿಯೋದ ಕ್ರಿಕೆಟ್ ಕಾಮೆಂಟರಿ ರೆಕಾರ್ಡ್ ಮಾಡಿಬಿಟ್ಟಿದ್ದೆ. ಅಜ್ಜಿಯ ಯಾವ ಮಾತಿನ ಮೇಲೆ ಅದು ಕೂತಿದೆಯೋ. ಅಪ್ಪ ಏನೂ ಅನ್ನಲಿಲ್ಲ.

ಅಜ್ಜಿಯ ಮಾತಿನ ಹಿಂದೆ ಎಲ್ಲ ಕ್ಯಾಸೆಟ್ಟಿನಲ್ಲೂ ಒಂದು ಸಪ್ಪಳ, ಟಕ್ ಟಕಾ, ಟಕ್ ಟಕಾ. ಬೆಟಗೇರಿಯ ನಮ್ಮ ಓಣಿಯ ತುಂಬ ಮಗ್ಗಗಳು. ದೊಡ್ಡಪ್ಪನ ಕಿವಿಗೆ ಮಾತು ಬಿಡಿಸಿ ಕೇಳಲೆಂದು ಸಾಫ್ಟ್‌ವೇರಿನಲ್ಲಿ ಆ ಸಪ್ಪಳ ಅಳಿಸಲು ಹೊರಟೆ. ಅಳಿಸಿದಷ್ಟೂ ಅಜ್ಜಿಯ ದನಿಯೂ ತೆಳ್ಳಗಾಗುತ್ತಿತ್ತು. ಅಪ್ಪ ಹೆಗಲ ಮೇಲೆ ಕೈಯಿಟ್ಟು, 'ಮಗ್ಗ ಇರಲಿ ಬಿಡು' ಎಂದರು.

ಮೊನ್ನೆ ಶನಿವಾರ ಡೊಂಬಿವಲಿಗೆ ಹೋದೆವು. ದೊಡ್ಡಪ್ಪನಿಗೆ ಒಳ್ಳೆಯ ಹೆಡ್‌ಫೋನ್ ಹಾಕಿ, ಕೇಳುವ ಕಿವಿಯ ಕಡೆಗೆ ಪೂರ್ತಿ ಸದ್ದು ಬರುವಂತೆ ಮಾಡಿ, 1986ರ ಒಂದು ಕ್ಯಾಸೆಟ್ಟು ಹಚ್ಚಿದೆ. ಅದರಲ್ಲಿ ಅಜ್ಜಿ ಮೊದಲು ಕೇಳುವುದು, 'ಕೆಂಪು ದೀಪ ಹತ್ತೈತೇನೋ?' ಎಂದು ಅಪ್ಪನನ್ನು. ಆಮೇಲೆ ಎಮ್ಮೆ ಈದದ್ದು, ಮಳೆ ಬಾರದ್ದು, ಉಪ್ಪಿನಕಾಯಿ ಯಾರ ಕೈಯಲ್ಲಿ ಕಳಿಸಿದ್ದು. ದೊಡ್ಡಪ್ಪ ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಮುಗಿದ ಮೇಲೆ ಹೆಡ್‌ಫೋನ್ ತೆಗೆಯದೆ ಅಪ್ಪನ ಕಡೆ ತಿರುಗಿ ಜೋರಾಗಿ ಕೇಳಿದರು, 'ಹಿಂದ ಮಗ್ಗ ಹೊಡಿಯಾಂವ ಯಾರೋ? ಎಡಮನಿ ಕಾಕಾ ಏನು?'

'ಅಲ್ಲೋ ಅಣ್ಣಾ, ಮೂಲಿಮನ್ಯಾವ. ಕಾಕಾನ ಮಗ್ಗ ಅಷ್ಟ ಜಲ್ದಿ ನಡಿತಿರಲಿಲ್ಲ.'

'ನಡಿತಿತ್ತೋ. ನಿನಗೇನ ಗೊತ್ತು, ನೀ ಸಾಲಿಗೆ ಹೋಗಿರ್ತಿದ್ದಿ. ಇನ್ನೊಮ್ಮಿ ಹಚ್ಚು.'

ಮತ್ತೆ ಹಚ್ಚಿದೆ.